ಹೆಪಟೈಟಿಸ್-ಸಿ ಚಿಕಿತ್ಸೆ ಮತ್ತು ಕರುಳಿನ ಜೀವಾಣುಗಳು

ಮಂಠಾಳ, ಬಸವಕಲ್ಯಾಣ, ಹುಮನಾಬಾದ್ ಭಾಗದ ಸದ್ಭಕ್ತರಲ್ಲಿ ಕೆಲವರು ಈಚಿನ ವರ್ಷಗಳಲ್ಲಿ ಒಂದೇ ಬಗೆಯ ಸಂದೇಹವನ್ನು ಹೊತ್ತು ನಮ್ಮಲ್ಲಿಗೆ ಬರುತ್ತಿದ್ದಾರೆ. ಯಾವುದೋ ಶಸ್ತ್ರಚಿಕಿತ್ಸೆಗೆ ಮುನ್ನ, ಇಲ್ಲವೇ ಹೆರಿಗೆಯ ಸಮಯದಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಹೆಪಟೈಟಿಸ್-ಸಿ ಇರುವುದು ತಿಳಿದು, ಸರಕಾರಿ ದವಾಖಾನೆಯಿಂದ ಮೂರು ತಿಂಗಳ ಗುಳಿಗೆಗಳನ್ನು ತಂದಿರುತ್ತಾರೆ. ನಾಲ್ಕಾರು ದಿನ ನುಂಗುವಷ್ಟರಲ್ಲಿ ಹೊಟ್ಟೆ ಉಬ್ಬರಿಸಿದಂತಾಗುತ್ತದೆ, ಊಟ ರುಚಿಸುವುದಿಲ್ಲ. ಆಗ ಬಂಧುಗಳಲ್ಲಿ ಯಾರೋ ಒಬ್ಬರು, "ಇಂಗ್ಲಿಷ್ ಗುಳಿಗೆ ಕರುಳಿನ ಒಳ್ಳೆಯ ಕ್ರಿಮಿಗಳನ್ನೆಲ್ಲ ಕೊಲ್ಲುತ್ತದೆ" ಎಂದು ಹೇಳಿರುತ್ತಾರೆ. "ಇದನ್ನ ಬಿಟ್ಟು ನಿಮ್ಮ ಔಷಧಿ ತಗೋಬಹುದೇನ್ರಿ ಡಾಕ್ಟ್ರೇ?" ಎಂಬುದು ಅವರ ಪ್ರಶ್ನೆ.

ಆಯುರ್ವೇದ ವೃತ್ತಿಯಲ್ಲಿ ಕೂದಲು ನರೆತಿರುವ ನಾವು ಈ ಪ್ರಶ್ನೆಗೆ ಕೊಡುವ ಉತ್ತರ ಸ್ಪಷ್ಟವಾಗಿದೆ. ಬಿಡಬಾರದು. ಏಕೆ ಬಿಡಬಾರದು, ಕರುಳಿನೊಳಗೆ ನಿಜವಾಗಿ ನಡೆಯುವುದೇನು ಎಂಬುದನ್ನು ಮಾತ್ರ ತುಸು ವಿಸ್ತಾರವಾಗಿ ಹೇಳಬೇಕಾಗಿದೆ.

ನಮ್ಮ ಭಾಗದಲ್ಲಿ ಯಕೃತ್ತಿನ ಬೇನೆ ಎಂದೊಡನೆ ನೆನಪಾಗುವುದು ಕಾಮಣಿ. ಕಣ್ಣು ಹಳದಿಯಾಯಿತೆಂದರೆ ಜನ ಬಳ್ಳಿ ಕಟ್ಟಿಸುವರು, ನೆಲನೆಲ್ಲಿಯ ರಸ ಕುಡಿಸುವರು, ಕೆಲವೆಡೆ ಇಂದಿಗೂ ಬರೆ ಹಾಕಿಸುವರು. ಆ ಕಾಮಣಿಯಲ್ಲಿ ಬಹುಪಾಲು ಮಲಿನ ನೀರಿನಿಂದ ಬರುವ ಹೆಪಟೈಟಿಸ್-ಎ ಅಥವಾ ಹೆಪಟೈಟಿಸ್-ಇ. ಅವು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಶಮನಗೊಳ್ಳುವುದರಿಂದ ಬಳ್ಳಿ ಕಟ್ಟಿದವನಿಗೂ ಕೀರ್ತಿ, ರಸ ಕುಡಿಸಿದವನಿಗೂ ಕೀರ್ತಿ. ಹೆಪಟೈಟಿಸ್-ಸಿ ಆ ಜಾತಿಯದಲ್ಲ. ಅದು ರಕ್ತದಿಂದ ರಕ್ತಕ್ಕೆ ಹರಡುವುದು. ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಚುಚ್ಚುವುದು, ಪರೀಕ್ಷಿಸದ ರಕ್ತ, ಶುದ್ಧಗೊಳಿಸದ ಹಲ್ಲಿನ ಉಪಕರಣ, ಜಾತ್ರೆಯಲ್ಲಿ ಹಾಕಿಸಿಕೊಳ್ಳುವ ಹಚ್ಚೆ, ಕ್ಷೌರದ ಹಳೆಯ ಬ್ಲೇಡು ಮುಂತಾದವು ಅದರ ದಾರಿಗಳು. ಜೊತೆಯಲ್ಲಿ ಉಂಡರೆ, ಒಂದೇ ಚೊಂಬಿನ ನೀರು ಕುಡಿದರೆ ಬರುವುದಿಲ್ಲ. ಆದ್ದರಿಂದ ಈ ರೋಗ ಇದ್ದವರನ್ನು ದಾಸೋಹದ ಪಂಕ್ತಿಯಿಂದ ದೂರ ಕೂಡಿಸುವುದು ಅಜ್ಞಾನವೂ ಹೌದು, ಅನ್ಯಾಯವೂ ಹೌದು.

ಕಣ್ಣು ಹಳದಿಯಾಗದೆ, ನೋವಿಲ್ಲದೆ ಇಪ್ಪತ್ತು ಮೂವತ್ತು ವರ್ಷ ದೇಹದಲ್ಲಿ ಅಡಗಿರುವುದು ಈ ವೈರಸ್ಸಿನ ಸ್ವಭಾವ. ಅಷ್ಟರಲ್ಲಿ ಯಕೃತ್ತು ಒಳಗೊಳಗೇ ಗಾಯಗೊಂಡು, ಗಾಯ ಮಾಗಿದಲ್ಲೆಲ್ಲ ನಾರು ಕಟ್ಟಿ, ಕಡೆಗೆ ಗಟ್ಟಿಯಾಗಿ ಗಂಟುಗಂಟಾಗುತ್ತದೆ. ಇದನ್ನೇ ಸಿರೋಸಿಸ್ ಎನ್ನುತ್ತಾರೆ. ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತ ವಾಂತಿಯಾಗುವುದು, ಯಕೃತ್ತಿನ ಅರ್ಬುದ ಇವೆಲ್ಲ ಅದರ ನಂತರದ ಹಂತಗಳು. ವೈರಸ್ಸನ್ನು ವಿಜ್ಞಾನಿಗಳು ಗುರುತಿಸಿದ್ದು 1989ರಲ್ಲಿ. ಆ ಕಾರ್ಯಕ್ಕಾಗಿ ಹಾರ್ವೆ ಆಲ್ಟರ್, ಮೈಕೆಲ್ ಹೌಟನ್ ಮತ್ತು ಚಾರ್ಲ್ಸ್ ರೈಸ್ ಅವರಿಗೆ 2020ರ ನೊಬೆಲ್ ಪುರಸ್ಕಾರ ಸಂದಿತು.

ಹಿಂದೆ ಇದಕ್ಕೆ ಇಂಟರ್‌ಫೆರಾನ್ ಎಂಬ ಸೂಜಿಮದ್ದು ಇತ್ತು. ಆರು ತಿಂಗಳಿಂದ ಒಂದು ವರ್ಷದವರೆಗೆ ಚುಚ್ಚಿಸಿಕೊಳ್ಳಬೇಕು. ಜ್ವರ, ರಕ್ತಹೀನತೆ, ಖಿನ್ನತೆ ಎಲ್ಲವನ್ನೂ ಸಹಿಸಬೇಕು. ಆದರೂ ಗುಣವಾಗುವ ಭರವಸೆ ಅರ್ಧಂಬರ್ಧ. 2013ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಸೋಫೋಸ್ಬುವಿರ್ ಎಂಬ ಗುಳಿಗೆಗೆ ಅನುಮತಿ ದೊರೆತಾಗ ಅಲ್ಲಿ ಒಂದು ಗುಳಿಗೆಯ ಬೆಲೆ ಸಾವಿರ ಡಾಲರ್. ಮರುವರ್ಷ ಭಾರತೀಯ ಕಂಪನಿಗಳಿಗೆ ಅದನ್ನು ತಯಾರಿಸುವ ಪರವಾನಗಿ ಸಿಕ್ಕಿತು. 2018ರ ಜುಲೈ 28ರಂದು ಕೇಂದ್ರ ಸರಕಾರ ಆರಂಭಿಸಿದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಗುಳಿಗೆಯೂ ಉಚಿತ. ಸಿರೋಸಿಸ್ ಇಲ್ಲದವರಿಗೆ ಸಾಮಾನ್ಯವಾಗಿ ಸೋಫೋಸ್ಬುವಿರ್ ಮತ್ತು ಡಕ್ಲಟಾಸ್ವಿರ್, ಸಿರೋಸಿಸ್ ಇದ್ದವರಿಗೆ ಸೋಫೋಸ್ಬುವಿರ್ ಮತ್ತು ವೆಲ್ಪಟಾಸ್ವಿರ್, ಹನ್ನೆರಡು ವಾರ, ಅಂದರೆ 84 ದಿನ. ಯಕೃತ್ತು ತೀರ ಸೋತಿದ್ದರೆ ರಿಬಾವಿರಿನ್ ಸೇರಿಸುವರು ಅಥವಾ ಅವಧಿಯನ್ನು 24 ವಾರಕ್ಕೆ ಹೆಚ್ಚಿಸುವರು. ಪೂರ್ಣ ಅವಧಿ ಸೇವಿಸಿದ ನೂರು ಜನರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಿಗೆ ವೈರಸ್ ಸಂಪೂರ್ಣ ನಾಶವಾಗುತ್ತದೆ. ನಮ್ಮ ಶಾಸ್ತ್ರದಲ್ಲಾಗಲಿ ಬೇರೆ ಯಾವ ಪದ್ಧತಿಯಲ್ಲಾಗಲಿ ಇದಕ್ಕೆ ಸಮನಾದ ಫಲ ಕೊಡುವ ಔಷಧಿ ಇಲ್ಲವೆಂಬುದನ್ನು ಆಯುರ್ವೇದದವರಾದ ನಾವೇ ಹೇಳಿದರೆ ಸದ್ಭಕ್ತರು ನಂಬುವರೆಂದು ಆಶಿಸುತ್ತೇವೆ.

ಇನ್ನು ಕರುಳಿನ ವಿಷಯ. ನಮ್ಮ ದೊಡ್ಡ ಕರುಳು ಕೋಟ್ಯನುಕೋಟಿ ಸೂಕ್ಷ್ಮಜೀವಿಗಳ ಬೀಡು. ನಾವು ಉಂಡ ರೊಟ್ಟಿಯ ನಾರನ್ನು ನಾವು ಅರಗಿಸಲಾರೆವು, ಅವು ಅರಗಿಸುತ್ತವೆ. ಹಾಗೆ ಅರಗಿಸುವಾಗ ಹುಟ್ಟುವ ಬ್ಯುಟಿರೇಟ್ ಎಂಬ ಆಮ್ಲವೇ ಕರುಳಿನ ಒಳಪದರಕ್ಕೆ ಆಹಾರ. ಆ ಪದರ ಗಟ್ಟಿಯಾಗಿದ್ದರೆ ಜೀವಾಣುಗಳೂ ಅವುಗಳ ವಿಷಾಂಶಗಳೂ ಕರುಳಿನೊಳಗೇ ಉಳಿಯುತ್ತವೆ. ಸಡಿಲವಾದರೆ ರಕ್ತಕ್ಕೆ ಸೋರುತ್ತವೆ. ಕರುಳಿನ ರಕ್ತವೋ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಅದು ಮೊದಲು ಪೋರ್ಟಲ್ ರಕ್ತನಾಳದ ಮೂಲಕ ಯಕೃತ್ತಿಗೇ ಹರಿಯುತ್ತದೆ. ಯಕೃತ್ತಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಈ ದಾರಿಯಿಂದ ಬಂದದ್ದು. ಹೊಲದ ನೀರೆಲ್ಲ ಹರಿದು ಕೆರೆ ಸೇರಿದಂತೆ, ಕರುಳಿನಲ್ಲಿ ಆದದ್ದೆಲ್ಲ ಯಕೃತ್ತಿಗೆ ತಲುಪುತ್ತದೆ. ಯಕೃತ್ತು ಮರಳಿ ಕರುಳಿಗೆ ಕಳುಹಿಸುವುದು ಪಿತ್ತರಸವನ್ನು. ಅದರಲ್ಲಿನ ಪಿತ್ತಾಮ್ಲಗಳು ಕೊಬ್ಬನ್ನು ಕರಗಿಸುವುದಲ್ಲದೆ ಯಾವ ಜೀವಾಣು ಎಷ್ಟು ಬೆಳೆಯಬೇಕೆಂಬುದನ್ನೂ ನಿಯಂತ್ರಿಸುತ್ತವೆ. ಒಂದು ಕೆಟ್ಟರೆ ಇನ್ನೊಂದು ಕೆಡುವ ಸಂಬಂಧ ಇದು.

ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಹದಿನೈದನೆಯ ಅಧ್ಯಾಯ ಗ್ರಹಣಿ, ಹದಿನಾರನೆಯದು ಕಾಮಾಲೆಯನ್ನೂ ಒಳಗೊಂಡ ಪಾಂಡು. ಅಗ್ನಿ ಕೆಟ್ಟ ಕರುಳಿನ ಅಧ್ಯಾಯದ ಬೆನ್ನಿಗೇ ಹಳದಿ ರೋಗದ ಅಧ್ಯಾಯ ಬಂದಿರುವುದು ನಮಗೆ ಯಾವಾಗಲೂ ಚೆನ್ನಾಗಿ ಕಂಡಿದೆ. ಹಾಗೆಂದು ಚರಕಾಚಾರ್ಯರಿಗೆ ಜೀವಾಣುಗಳ ವಿಷಯವೆಲ್ಲ ತಿಳಿದಿತ್ತೆಂದು ಸಾರುವವರ ಜೊತೆ ನಾವು ಸೇರುವುದಿಲ್ಲ. ಅವರು ಕಂಡದ್ದನ್ನು ಅವರು ಬರೆದರು, ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಇವರು ಬರೆದರು. ಎರಡನ್ನೂ ಗೌರವದಿಂದ ಓದಿದರೆ ಸಾಕು.

ಗುಳಿಗೆ ಕರುಳಿನ ಜೀವಾಣುಗಳನ್ನು ಕೊಲ್ಲುತ್ತದೆಂಬ ಮಾತು ಹುಟ್ಟಿದ್ದು ಪ್ರತಿಜೀವಕಗಳನ್ನು ಕಂಡು. ಜ್ವರಕ್ಕೆ, ಗಾಯಕ್ಕೆ ಕೊಡುವ ಪ್ರತಿಜೀವಕಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದಕ್ಕೆಂದೇ ಇರುವಂಥವು. ಕೆಟ್ಟವನ್ನು ಕೊಲ್ಲುವಾಗ ಕರುಳಿನ ಒಳ್ಳೆಯವೂ ಸಾಯುತ್ತವೆ. ಹೆಪಟೈಟಿಸ್-ಸಿ ಗುಳಿಗೆ ಆ ವರ್ಗದ್ದಲ್ಲ. ಈ ವೈರಸ್ ತನ್ನ ಪ್ರತಿಗಳನ್ನು ಮಾಡಿಕೊಳ್ಳಲು ತನ್ನದೇ ಆದ ಒಂದು ಕಿಣ್ವವನ್ನು ಬಳಸುತ್ತದೆ. ಸೋಫೋಸ್ಬುವಿರ್ ಆ ಕಿಣ್ವದ ಬಾಯಿಗೆ ಸುಳ್ಳು ತುತ್ತು ಇಟ್ಟಂತೆ ಕೆಲಸ ಮಾಡಿ, ಪ್ರತಿ ಮಾಡುವುದನ್ನು ನಡುವೆಯೇ ನಿಲ್ಲಿಸುತ್ತದೆ. ಅದು ಸಕ್ರಿಯವಾಗುವುದೂ ಮುಖ್ಯವಾಗಿ ಯಕೃತ್ತಿನ ಕೋಶಗಳೊಳಗೆ. ಡಕ್ಲಟಾಸ್ವಿರ್, ವೆಲ್ಪಟಾಸ್ವಿರ್‌ಗಳು ವೈರಸ್ಸಿನ ಇನ್ನೊಂದು ಪ್ರೋಟೀನನ್ನು ತಡೆಯುತ್ತವೆ. ಕರುಳಿನ ಜೀವಾಣುಗಳಲ್ಲಿ ಆ ಕಿಣ್ವವೂ ಇಲ್ಲ, ಆ ಪ್ರೋಟೀನೂ ಇಲ್ಲ. ಪ್ರತಿಜೀವಕವಲ್ಲದ ಔಷಧಿಗಳೂ ಕರುಳಿನ ಜೀವಾಣುಗಳನ್ನು ಸ್ವಲ್ಪಮಟ್ಟಿಗೆ ಬಾಧಿಸಬಲ್ಲವೆಂಬುದು ನಿಜ. ಜರ್ಮನಿಯ ಹೈಡೆಲ್ಬರ್ಗ್‌ನ ವಿಜ್ಞಾನಿಗಳು 2018ರಲ್ಲಿ ಸಾವಿರಕ್ಕೂ ಹೆಚ್ಚು ಔಷಧಿಗಳನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, ಅವುಗಳಲ್ಲಿ ಸುಮಾರು ಕಾಲುಭಾಗ ಯಾವುದಾದರೂ ಒಂದು ಜೀವಾಣುವಿನ ಬೆಳವಣಿಗೆಯನ್ನು ತಡೆಯುತ್ತವೆಂದು ತೋರಿಸಿದರು. ಆದರೆ ಹೆಪಟೈಟಿಸ್-ಸಿ ಚಿಕಿತ್ಸೆ ಪಡೆದವರ ಮಲವನ್ನು ಪರೀಕ್ಷಿಸಿದ ಅಧ್ಯಯನಗಳಲ್ಲಿ ಪ್ರತಿಜೀವಕ ಮಾಡುವಂಥ ನಾಶ ಕಂಡುಬಂದಿಲ್ಲ. ತಲೆನೋವು, ಆಯಾಸ, ಸ್ವಲ್ಪ ಓಕರಿಕೆ, ಕೆಲವರಿಗೆ ಭೇದಿ, ಇವು ಈ ಗುಳಿಗೆಗಳ ಸಾಮಾನ್ಯ ಕಿರಿಕಿರಿಗಳು. ಬಹುತೇಕ ತಾವಾಗಿಯೇ ಇಳಿಯುತ್ತವೆ.

ಹಾಗಾದರೆ ಕರುಳನ್ನು ಕೆಡಿಸಿದ್ದು ಯಾವುದು? ರೋಗವೇ. ಜಪಾನಿನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಕೃತ್ತಿನ ರಕ್ತ ಪರೀಕ್ಷೆಯ ಅಂಕಿಗಳು ಸಹಜವಾಗಿಯೇ ಇದ್ದ ಹೆಪಟೈಟಿಸ್-ಸಿ ರೋಗಿಗಳಲ್ಲಿಯೂ ಕರುಳಿನ ಜೀವಾಣುಗಳ ವೈವಿಧ್ಯ ಕುಗ್ಗತೊಡಗಿತ್ತು. ರೋಗ ಬಲಿತಂತೆ ಸಾಮಾನ್ಯವಾಗಿ ಬಾಯಿಯಲ್ಲಿರುವ ಸ್ಟ್ರೆಪ್ಟೊಕಾಕಸ್ ಜಾತಿಯವು ಕರುಳಿನಲ್ಲಿ ಹೆಚ್ಚಿದವು. ಬ್ಯುಟಿರೇಟ್ ತಯಾರಿಸುವವು ಸೇರಿರುವ ಕ್ಲಾಸ್ಟ್ರಿಡಿಯೇಲ್ಸ್ ಗುಂಪು ಕಡಿಮೆಯಾಯಿತು. ಹೆಚ್ಚಾದ ಸ್ಟ್ರೆಪ್ಟೊಕಾಕಸ್‌ಗಳಿಗೆ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುವ ಶಕ್ತಿ ಇತ್ತು. ಅಮೋನಿಯಾವನ್ನು ಶುದ್ಧೀಕರಿಸಬೇಕಾದದ್ದು ಯಕೃತ್ತು. ಅದು ಸೋತಾಗ ಅಮೋನಿಯಾ ಮಿದುಳಿಗೆ ಏರಿ ಮನುಷ್ಯ ಮಂಕಾಗುತ್ತಾನೆ, ಹಗಲು ನಿದ್ರಿಸಿ ರಾತ್ರಿ ಎಚ್ಚರವಿರುತ್ತಾನೆ, ಮಾತು ತೊದಲುತ್ತಾನೆ. ಇದನ್ನು ಗಾಳಿ ಸೋಕಿದ್ದೆಂದು ತಿಳಿದು ಯಂತ್ರ ಕಟ್ಟಿಸುವ ಮನೆಗಳನ್ನು ನಾವು ನೋಡಿದ್ದೇವೆ. ಇಂಥ ರೋಗಿಗೆ ಬೇಕಾದದ್ದು ಕೂಡಲೇ ದವಾಖಾನೆ. ಅಲ್ಲಿ ಕೊಡುವ ಲ್ಯಾಕ್ಟುಲೋಸ್ ಎಂಬ ಸಿಹಿ ಪಾನಕ ಬರಿಯ ಭೇದಿಯ ಮದ್ದಲ್ಲ. ಅದು ಕರುಳನ್ನು ಆಮ್ಲೀಯಗೊಳಿಸಿ ಅಮೋನಿಯಾ ರಕ್ತಕ್ಕೆ ಸೇರದಂತೆ ಮಾಡುತ್ತದೆ. "ದಿನಕ್ಕೆ ಮೂರು ಸಲ ಹೊರಗೆ ಹೋಗಬೇಕಾಗುತ್ತದೆ" ಎಂದು ಅದನ್ನು ತಾವಾಗಿಯೇ ನಿಲ್ಲಿಸಬಾರದು.

ವೈರಸ್ ಹೋದ ಮೇಲೆ ಕರುಳು ಮೊದಲಿನಂತಾಗುವುದೇ? ಸ್ಪೇನ್, ಜರ್ಮನಿ, ಇಟಲಿ, ಅಮೆರಿಕಗಳಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಅಧ್ಯಯನಗಳು ಚಿಕ್ಕವು, ಫಲಿತಾಂಶಗಳು ಎಲ್ಲೆಡೆ ಒಂದೇ ಇಲ್ಲ. ಆದರೂ ಒಂದು ಎಳೆ ಸ್ಪಷ್ಟವಾಗಿದೆ. ಯಕೃತ್ತು ಇನ್ನೂ ಮೃದುವಾಗಿರುವಾಗಲೇ ಚಿಕಿತ್ಸೆ ಪಡೆದವರಲ್ಲಿ ಜೀವಾಣುಗಳು ಆರೋಗ್ಯವಂತರ ಕಡೆಗೆ ಸ್ವಲ್ಪ ಸ್ವಲ್ಪವಾಗಿ ಮರಳುತ್ತವೆ. ಸಿರೋಸಿಸ್ ಆಗಿಹೋದವರಲ್ಲಿ ವೈರಸ್ ಪೂರ್ಣ ನಾಶವಾದರೂ ಕರುಳು ಅಷ್ಟು ಬೇಗ ಸರಿಹೋಗುವುದಿಲ್ಲ. ಅಮೆರಿಕದ ಅಧ್ಯಯನದಲ್ಲಿ ಅಂಥವರ ಜೀವಾಣುಗಳ ಅಸಮತೋಲನ ಹಾಗೆಯೇ ಉಳಿದಿತ್ತು. ಇಟಲಿಯವರು ಒಂದು ವರ್ಷದ ನಂತರ ನೋಡಿದಾಗ ಜೀವಾಣುಗಳ ವೈವಿಧ್ಯ ಸುಧಾರಿಸಿದ್ದರೂ ಕರುಳಿನ ಗೋಡೆಯ ಸೋರಿಕೆ ಸುಧಾರಿಸಿರಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಗಟ್ಟಿಯಾದ ಯಕೃತ್ತಿನೊಳಗೆ ರಕ್ತ ಸಲೀಸಾಗಿ ಹರಿಯದು, ಪಿತ್ತಾಮ್ಲಗಳು ಸಾಕಷ್ಟು ಇಳಿಯವು, ಕರುಳಿನಲ್ಲಿ ರಕ್ತ ನಿಂತು ಪದರ ಊದಿಕೊಳ್ಳುತ್ತದೆ. ವೈರಸ್ ಹಚ್ಚಿದ ಬೆಂಕಿ ಆರಿದರೂ ಸುಟ್ಟ ಮನೆ ಕಟ್ಟಿಕೊಳ್ಳಲು ಕಾಲ ಬೇಕು. ಗುಳಿಗೆ ಮುಗಿದ ಮೇಲೂ ಉಳಿಯುವ ಉಬ್ಬರ, ಅರುಚಿಗಳನ್ನು ಗುಳಿಗೆಯ ಲೆಕ್ಕಕ್ಕೆ ಬರೆಯುವುದು ಆದ್ದರಿಂದಲೇ ತಪ್ಪು. ಚಿಕಿತ್ಸೆಗೆ ತಡ ಮಾಡಿದಷ್ಟೂ ಕರುಳು ಮರಳುವ ದಾರಿ ಉದ್ದವಾಗುತ್ತದೆ.

ಇಲ್ಲಿ ಗ್ಯಾಸಿನ ಗುಳಿಗೆಯ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ. ಬೆಳಿಗ್ಗೆ ಎದ್ದೊಡನೆ ಪ್ಯಾಂಟೊಪ್ರಜೋಲ್ ಅಥವಾ ಒಮೆಪ್ರಜೋಲ್ ನುಂಗುವುದು ನಮ್ಮ ಹಳ್ಳಿಗಳಲ್ಲಿ ಚಹಾ ಕುಡಿದಷ್ಟು ಸಹಜವಾಗಿದೆ. ಹೆಪಟೈಟಿಸ್ ಗುಳಿಗೆಯಿಂದ ಹೊಟ್ಟೆ ಉಬ್ಬಿತೆಂದು ಔಷಧ ಅಂಗಡಿಯಲ್ಲಿ ಕೇಳಿದರೆ ಸಿಗುವುದೂ ಅದೇ. ಜಠರದ ಆಮ್ಲ ಬಾಯಿಯಿಂದ ಇಳಿಯುವ ಜೀವಾಣುಗಳನ್ನು ತಡೆಯುವ ಹೆಬ್ಬಾಗಿಲು. ಆ ಆಮ್ಲವನ್ನು ಅಡಗಿಸಿದರೆ ಬಾಗಿಲು ತೆರೆದಂತೆ. ಈ ಗುಳಿಗೆಗಳನ್ನು ನಿತ್ಯ ಸೇವಿಸುವವರ ಕರುಳಿನಲ್ಲಿ ಬಾಯಿಯ ಜೀವಾಣುಗಳು ಹೆಚ್ಚುವುದು ಅಧ್ಯಯನಗಳಲ್ಲಿ ಸಾಬೀತಾಗಿದೆ. ಯಕೃತ್ತಿನ ರೋಗಿಗೆ ಮೊದಲೇ ಇರುವ ತೊಂದರೆಯೂ ಅದೇ ಅಲ್ಲವೇ? ಇನ್ನೂ ಗಂಭೀರವಾದ ಮಾತೆಂದರೆ, ವೆಲ್ಪಟಾಸ್ವಿರ್ ಕರಗಿ ರಕ್ತ ಸೇರಲು ಜಠರದ ಆಮ್ಲ ಬೇಕೇ ಬೇಕು. ಆಮ್ಲ ಇಲ್ಲದಿದ್ದರೆ ಗುಳಿಗೆಯ ಬಲ ಕುಗ್ಗಿ ವೈರಸ್ ಉಳಿದುಕೊಳ್ಳುವ ಅಪಾಯವಿದೆ. ಕರುಳು ಕೆಡದಿರಲೆಂದು ನುಂಗಿದ್ದು ಕರುಳನ್ನೂ ಕೆಡಿಸಿ, ರೋಗ ಕಳೆಯುವ ಗುಳಿಗೆಯನ್ನೂ ಕೆಡಿಸುತ್ತದೆ. ನಮ್ಮವರ ಶಂಖಭಸ್ಮ, ಕಪರ್ದಿಕ ಭಸ್ಮಗಳಿಗೂ ಈ ಮಾತು ಅನ್ವಯಿಸುತ್ತದೆ. ಅವುಗಳಲ್ಲಿ ಪ್ರಧಾನವಾಗಿರುವುದು ಸುಣ್ಣದ ಅಂಶ. ಅದೂ ಆಮ್ಲವನ್ನು ತಗ್ಗಿಸುವುದೇ. ಆಮ್ಲಹಾರಿ ಔಷಧಿ ಅನಿವಾರ್ಯವಾದರೆ ಅದಕ್ಕೂ ವೆಲ್ಪಟಾಸ್ವಿರ್ ಗುಳಿಗೆಗೂ ನಡುವೆ ಕನಿಷ್ಠ ನಾಲ್ಕು ತಾಸು ಅಂತರವಿರಬೇಕು. ಅದನ್ನೂ ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ತಿಳಿಸಿಯೇ ಮಾಡಬೇಕು.

ಕಷಾಯಗಳ ವಿಷಯದಲ್ಲಿಯೂ ಸಂಯಮ ಬೇಕು. ಮೂಲಿಕೆ ಎಂದಮೇಲೆ ನಿರಪಾಯ ಎಂಬುದು ನಮ್ಮ ಜನರ ದೃಢ ನಂಬಿಕೆ. ಕರೋನಾ ಕಾಲದಲ್ಲಿ ಅಮೃತಬಳ್ಳಿಯ ಕಷಾಯವನ್ನು ತಿಂಗಳುಗಟ್ಟಲೆ ಕುಡಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು ವರದಿ ಮಾಡಿದರು. ಆಯುಷ್ ಇಲಾಖೆ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಯಕೃತ್ತು ಮೊದಲೇ ಗಾಯಗೊಂಡವರು ಆ ವಾದಕ್ಕೆ ತಮ್ಮ ದೇಹವನ್ನು ಸಾಕ್ಷಿ ಮಾಡುವುದು ಬೇಡ. ಹಿಪ್ಪಲಿ, ಮೆಣಸು ಸೇರಿದ ತ್ರಿಕಟುವಿನಂಥ ಯೋಗಗಳು ಬೇರೆ ಔಷಧಿಗಳು ರಕ್ತಕ್ಕೆ ಸೇರುವ ಪ್ರಮಾಣವನ್ನು ಬದಲಿಸಬಲ್ಲವು. ಆದ್ದರಿಂದ ಆ 84 ದಿನ ನಾವು ನಮ್ಮ ರೋಗಿಗಳಿಗೆ ಯಾವ ಕಷಾಯವನ್ನೂ, ಭಸ್ಮವನ್ನೂ ಕೊಡುವುದಿಲ್ಲ. ಕ್ಷಯಕ್ಕೆ ರಿಫಾಂಪಿಸಿನ್ ಅಥವಾ ಹೃದಯದ ಬಡಿತಕ್ಕೆ ಅಮಿಯೊಡರೋನ್ ತೆಗೆದುಕೊಳ್ಳುತ್ತಿರುವವರು ಗುಳಿಗೆ ಆರಂಭಿಸುವ ಮೊದಲೇ ಹೇಳಬೇಕು. ಹೆಪಟೈಟಿಸ್-ಬಿ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು. ಎರಡೂ ಇದ್ದವರಲ್ಲಿ ಸಿ ಅಡಗಿದಾಗ ಬಿ ಕೆರಳಿದ ಉದಾಹರಣೆಗಳಿವೆ.

ಕರುಳನ್ನು ಮರಳಿ ಕಟ್ಟುವ ಸಾಮಗ್ರಿ ನಮ್ಮ ಅಡುಗೆ ಮನೆಯಲ್ಲಿಯೇ ಇದೆ. ದುಬಾರಿ ಜೀವಾಣು ಪುಡಿಯ ಪೊಟ್ಟಣಗಳನ್ನು ಎಲ್ಲರೂ ಕೊಳ್ಳಬೇಕಾಗಿಲ್ಲ. ಜಪಾನಿನ ಅಧ್ಯಯನದಲ್ಲಿ ರೋಗಿಗಳ ಕರುಳಿನಲ್ಲಿ ಹೆಚ್ಚಾಗಿದ್ದವುಗಳ ಪೈಕಿ ಮೊಸರಿನ ಬಳಗದ ಲ್ಯಾಕ್ಟೊಬ್ಯಾಸಿಲಸ್ ಕೂಡ ಇತ್ತು ಎಂಬುದನ್ನು ನೆನಪಿಡಬೇಕು. ಒಂದೇ ಜೀವಾಣುವನ್ನು ತಂದು ಸುರಿಯುವುದರಿಂದ ವೈವಿಧ್ಯ ಬರುವುದಿಲ್ಲ. ವೈವಿಧ್ಯ ಬರುವುದು ಬಗೆಬಗೆಯ ನಾರಿನಿಂದ. ಜೋಳದ ರೊಟ್ಟಿ, ಹೆಸರು, ತೊಗರಿ, ಪುಂಡಿ ಪಲ್ಯ, ಮೆಂತ್ಯೆ ಸೊಪ್ಪು, ಬದನೆ, ಅವರೆ ಇವೆಲ್ಲ ಬೇರೆ ಬೇರೆ ಜೀವಾಣುಗಳಿಗೆ ಬೇರೆ ಬೇರೆ ಉಣಿಸು. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಕುಳಿತು ಉಣ್ಣುವ ಭಜ್ಜಿ, ಅಂಬಲಿ, ರೊಟ್ಟಿಗಳಿಗಿಂತ ಉತ್ತಮವಾದ ಊಟವನ್ನು ಈ ವಿಷಯದಲ್ಲಿ ಯಾವ ಪಥ್ಯತಜ್ಞನೂ ಬರೆದುಕೊಡಲಾರ. ಹತ್ತಾರು ಕಾಳು, ಹತ್ತಾರು ಕಾಯಿಪಲ್ಯ, ಮೇಲೆ ಹುಳಿಬಂದ ಅಂಬಲಿ. ಅದನ್ನು ವರ್ಷಕ್ಕೊಂದು ದಿನ ಉಂಡು ಉಳಿದ ದಿನ ಬಿಳಿ ಅನ್ನ, ಬಿಸ್ಕತ್ತುಗಳಲ್ಲಿ ಕಳೆಯುವುದು ನಮ್ಮ ಈಗಿನ ಕ್ರಮ. ಗ್ರಹಣಿ ರೋಗದಲ್ಲಿ ಶಾಸ್ತ್ರ ಹೊಗಳಿರುವ ತಕ್ರ, ಅಂದರೆ ಕಡೆದು ಬೆಣ್ಣೆ ತೆಗೆದ ಮಜ್ಜಿಗೆ, ಇಲ್ಲಿಯೂ ಒಳ್ಳೆಯದು. ಹೊಟ್ಟೆಯಲ್ಲಿ ನೀರು ತುಂಬಿದವರು ಮಾತ್ರ ಉಪ್ಪಿಲ್ಲದೆ ಕುಡಿಯಬೇಕು. ಉಪ್ಪಿನಕಾಯಿ, ಹಪ್ಪಳ, ಉಪ್ಪು ಹೆಚ್ಚಿದ ಶೇಂಗಾ ಹಿಂಡಿ, ಅಗಸಿ ಹಿಂಡಿಗಳನ್ನು ದೂರವಿಡಬೇಕು. ಮದ್ಯದ ಹನಿಯೂ ಸಲ್ಲದು.

ಸಿರೋಸಿಸ್ ಎಂದೊಡನೆ ಬೇಳೆ, ಹಾಲು ಬಿಡಿಸುವ ಹಳೆಯ ರೂಢಿ ಇನ್ನೂ ಹೋಗಿಲ್ಲ. ಈಗಿನ ವೈದ್ಯಶಾಸ್ತ್ರ ಅದಕ್ಕೆ ವಿರುದ್ಧವಾಗಿದೆ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಕದವರಿಗೆ 72ರಿಂದ 90 ಗ್ರಾಂ. ಕಾಳುಬೇಳೆ ಮತ್ತು ಹಾಲಿನ ಪ್ರೋಟೀನು ಮಾಂಸದ ಪ್ರೋಟೀನಿಗಿಂತ ಅಮೋನಿಯಾದ ತೊಂದರೆ ಇರುವವರಿಗೆ ಹೆಚ್ಚು ಒಗ್ಗುತ್ತದೆ. ಶಾಕಾಹಾರಿಗಳಾದ ಸದ್ಭಕ್ತರಿಗೆ ಈ ವಿಷಯದಲ್ಲಿ ಅನುಕೂಲವೇ ಆಯಿತು.

ಉಪವಾಸದ ಬಗ್ಗೆ ಶ್ರಾವಣ ಬಂದಾಗಲೆಲ್ಲ ನಮಗೆ ಚಿಂತೆಯಾಗುತ್ತದೆ. ಸಿರೋಸಿಸ್ ಇದ್ದವರ ಯಕೃತ್ತಿನಲ್ಲಿ ಶಕ್ತಿಯ ಸಂಗ್ರಹ ಇರುವುದಿಲ್ಲ. ಆರೋಗ್ಯವಂತನು ಎರಡು ಮೂರು ದಿನ ಉಪವಾಸ ಮಾಡಿದಾಗ ಆಗುವ ಸವಕಳಿ ಇವರಲ್ಲಿ ಒಂದು ರಾತ್ರಿಯಲ್ಲಿಯೇ ಆಗಿ, ಮಾಂಸಖಂಡಗಳು ಕರಗತೊಡಗುತ್ತವೆ. ಆದ್ದರಿಂದ ಅವರು ರಾತ್ರಿ ಮಲಗುವ ಮುನ್ನ ಹಾಲೋ, ರೊಟ್ಟಿಯ ಒಂದು ತುಂಡೋ, ಒಂದಿಷ್ಟು ಹುರಿಗಡಲೆಯೋ ತಿನ್ನಲೇಬೇಕು. ಸೋಮವಾರದ ಒಪ್ಪತ್ತು, ಶಿವರಾತ್ರಿಯ ನಿರಾಹಾರ ಇವರಿಗೆ ಬೇಡ. ಹಿರಿಯರಿಗೆ ಇದನ್ನು ಹೇಳುವಾಗ ಮನೆಯ ಕಿರಿಯರು ಹಿಂಜರಿಯುತ್ತಾರೆ. ಅಂಥವರು ಮಠಕ್ಕೆ ಕರೆದುಕೊಂಡು ಬಂದು ಪೂಜ್ಯರ ಬಾಯಿಂದಲೇ ಹೇಳಿಸಿದರೆ ಕೆಲಸ ಸುಲಭವಾಗುತ್ತದೆ.

ಗುಳಿಗೆ ಮುಗಿದು ಹನ್ನೆರಡು ವಾರಗಳಾದ ಮೇಲೆ ವೈರಸ್ಸಿನ ಆರ್‌ಎನ್‌ಎ ಪರೀಕ್ಷೆ ಮಾಡಿಸಬೇಕು. ಅದರಲ್ಲಿ ವೈರಸ್ ಕಾಣದಿದ್ದರೆ ಗುಣವಾದಂತೆ. ಹೊಟ್ಟೆ ಹಗುರಾಯಿತೆಂದು ಈ ಪರೀಕ್ಷೆಯನ್ನು ಬಿಡುವವರು ಬಹಳ. ಇನ್ನೊಂದು ಗೊಂದಲವೂ ಇದೆ. ಗುಣವಾದ ಮೇಲೂ ಪ್ರತಿಕಾಯದ ಪರೀಕ್ಷೆ ಹೆಚ್ಚಿನವರಲ್ಲಿ ಜೀವನಪೂರ್ತಿ 'ಪಾಸಿಟಿವ್' ಎಂದೇ ಬರುತ್ತಿರುತ್ತದೆ. ಮುಂದೆ ಬೇರಾವುದೋ ದವಾಖಾನೆಯಲ್ಲಿ ಅದನ್ನು ನೋಡಿ ರೋಗ ಮರಳಿತೆಂದು ಹೆದರದಿರಲು ಆರ್‌ಎನ್‌ಎ ಪರೀಕ್ಷೆಯ ಕಾಗದವನ್ನು ಪಡಿತರ ಚೀಟಿಯಷ್ಟೇ ಜೋಪಾನವಾಗಿ ಇಟ್ಟುಕೊಳ್ಳಬೇಕು. ಆ ಪ್ರತಿಕಾಯ ರಕ್ಷಣೆ ಕೊಡುವುದಿಲ್ಲ. ಮತ್ತೆ ಅಶುದ್ಧ ಸೂಜಿ ಚುಚ್ಚಿದರೆ ಮತ್ತೆ ಬರುತ್ತದೆ. ಸಿರೋಸಿಸ್ ಆಗಿದ್ದವರು ವೈರಸ್ ಹೋದ ನಂತರವೂ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸುತ್ತಿರಬೇಕು, ಏಕೆಂದರೆ ಅರ್ಬುದದ ಸಂಭವ ಕಡಿಮೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಉಚಿತ ಚಿಕಿತ್ಸೆಯ ವಿವರವನ್ನು ಬಸವಕಲ್ಯಾಣ, ಹುಮನಾಬಾದಿನ ಸರಕಾರಿ ಆಸ್ಪತ್ರೆಗಳಲ್ಲಿ ಅಥವಾ ಬೀದರಿನ ಬ್ರಿಮ್ಸ್‌ನಲ್ಲಿ ವಿಚಾರಿಸಬಹುದು. ಹೋಗುವಾಗ ಆಧಾರ್ ಕಾರ್ಡು, ಹಳೆಯ ರಕ್ತ ಪರೀಕ್ಷೆಯ ಕಾಗದಗಳು ಮತ್ತು ಈಗ ಸೇವಿಸುತ್ತಿರುವ ಎಲ್ಲ ಔಷಧಿಗಳನ್ನು, ನಮ್ಮಂಥ ವೈದ್ಯರು ಕೊಟ್ಟ ಚೂರ್ಣದ ಪೊಟ್ಟಣಗಳನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗುವುದು ಒಳ್ಳೆಯದು.